ಒಂಬತ್ತನೆಯ ಕಲ್ಲಾನೆ

ತುಂಗಮ್ಮನ ಹಿಟ್ಟಿನ ಗಿರಣಿಯಲ್ಲಿ ಎರಡೇ ಕಟ್ಟಳೆ. ಮೆಣಸಿನಕಾಯಿ ತಂದವರು ಎಲ್ಲರಿಗಿಂತ ಕೊನೆಗೆ. ಸಾಲಿನಲ್ಲಿ ಡಬ್ಬ ಇದ್ದರೆ ಆಳು ಇದ್ದ ಹಾಗೆ. ರಾಗಿ, ಗೋಧಿ, ಜೋಳದ ಡಬ್ಬಗಳು ಬಾಗಿಲಿನಿಂದ ಯಂತ್ರದವರೆಗೆ ಒಂದರ ಹಿಂದೆ ಒಂದು ಕೂತಿರುತ್ತಿದ್ದವು. ಅವುಗಳ ಒಡತಿಯರು ತರಕಾರಿಗೆ ಹೋಗಿರಲಿ, ಬಾಣಂತನಕ್ಕೆ ಹೋಗಿರಲಿ, ಅವರ ಸರದಿಯನ್ನು ಯಾರೂ ಮುಟ್ಟುವಂತಿರಲಿಲ್ಲ. ಒಮ್ಮೆ ಯಾರೋ ಗೋಧಿಯ ಡಬ್ಬ ಇಟ್ಟು ತವರಿಗೆ ಹೋದವಳು ಮೂರು ವಾರ ಬಿಟ್ಟು ಬಂದಳು. ಡಬ್ಬ ಯಂತ್ರದ ಪಕ್ಕದಲ್ಲೇ ಕಾದಿತ್ತು. "ಎಲ್ಲಿ ಹಾಳಾಗಿದ್ಯೇ, ನಿನ್ನ ಸರದಿ ಬಂದು ಇಪ್ಪತ್ತು ದಿನ ಆಯ್ತು," ಎಂದು ಬೈದ ತುಂಗಮ್ಮ, ಹುಳ ಬಿದ್ದ ಗೋಧಿಯನ್ನು ತಾವೇ ಜರಡಿ ಹಿಡಿದು ಮೊದಲು ಬೀಸಿಕೊಟ್ಟರು.

ಈ ಎರಡನೆಯ ಕಟ್ಟಳೆಯಿಂದಲೇ ನಾನೂ ಅಂಬುಜಾಕ್ಷಿಯೂ ಓದುವವರಾದದ್ದು. ನಾವು ಅಕ್ಕಪಕ್ಕದ ಮನೆಯವರು, ಒಂದೇ ತರಗತಿಯವರು. ಶನಿವಾರ ಮಧ್ಯಾಹ್ನ ಎರಡು ಡಬ್ಬ ಹೊತ್ತು ಹೋಗಿ ಸಾಲಿನಲ್ಲಿಟ್ಟು, ಯಂತ್ರದ ಹಿಂದೆ ಪೇರಿಸಿದ ಗೋಣಿಚೀಲಗಳ ಮೇಲೆ ಕೂರುತ್ತಿದ್ದೆವು. ಒಬ್ಬಳು ಓದುವಾಗ ಇನ್ನೊಬ್ಬಳು, ಸಾಲು ಸರಿದಂತೆ, ಎರಡೂ ಡಬ್ಬಗಳನ್ನು ಕಾಲಿನಿಂದ ಮುಂದೆ ತಳ್ಳಬೇಕು. ಹತ್ತು ಪುಟಕ್ಕೊಮ್ಮೆ ಪಾಳಿ ಬದಲು. ಅಂಬು ಮೋಸ ಮಾಡುತ್ತಿದ್ದಳು. ಹನ್ನೆರಡು ಪುಟ ಓದಿ "ಚಿತ್ರ ಇತ್ತು ಕಣೆ, ಅದು ಲೆಕ್ಕಕ್ಕಿಲ್ಲ" ಅನ್ನುವವಳು. ಆ ಪುಸ್ತಕಗಳಲ್ಲಿ ಚಿತ್ರಗಳೇ ಇರಲಿಲ್ಲ.

ನಮ್ಮೂರಲ್ಲಿ ಪುಸ್ತಕ ತೆರೆದರೆ ಹಾಳೆ ಬೆಳ್ಳಗಿರುತ್ತದೆ. ಅದನ್ನು ಓದಿದವರೊಬ್ಬರು ಕೈಯಾರೆ ಕೊಟ್ಟು, ಇದು ನಿನಗೆ ಯಾಕೆ ಎಂದು ಹೇಳಬೇಕು. ಆಮೇಲೆ ಅಕ್ಷರ ಮೂಡುತ್ತವೆ, ಅದೂ ಪಡೆದವರ ಕಣ್ಣಿಗೆ ಮಾತ್ರ. ಪತ್ರ, ಬೋರ್ಡು, ಕರೆಯೋಲೆ, ಕೈಬರಹ ಇವಕ್ಕೆ ತೊಡಕಿಲ್ಲ. ಹೊಲಿದು ರಟ್ಟು ಹಾಕಿದ ಪುಸ್ತಕ ಮಾತ್ರ ಹೀಗೆ. ಹೇಳಿದ ಕಾರಣ ಸುಳ್ಳಾದರೆ ಹಾಳೆ ಹಾಗೇ ಬಿಳಿ. ನಮ್ಮ ಗಣಿತದ ಮೇಷ್ಟ್ರು ನಲವತ್ತು ಮಕ್ಕಳಿಗೂ ಒಂದೇ ಕಾರಣ ಹೇಳಿ ಪುಸ್ತಕ ಹಂಚುತ್ತಿದ್ದರು: "ಪರೀಕ್ಷೆಗೆ ಬೇಕು, ತಗೋ." ಕೆಲವರಿಗೆ ಅದು ನಿಜವಾಗಿದ್ದು ಲೆಕ್ಕಗಳು ಕಂಡವು, ಉಳಿದವರು ವರ್ಷವಿಡೀ ಪಕ್ಕದವರ ನೋಟ್‌ಬುಕ್ ಇಣುಕಿದರು. ದೊಡ್ಡವರಲ್ಲಿ ಹೀಗಾದರೆ ನಾಚಿಕೆಗೇಡು. ಯಾರು ಕೊಟ್ಟ ಪುಸ್ತಕ ಬಿಳಿಯಾಗಿ ಉಳಿಯಿತೋ ಅವರಿಗೆ 'ಬಿಳಿಗೈ' ಎಂಬ ಹೆಸರು ಅಂಟುತ್ತಿತ್ತು. ಬಿಳಿಗೈಯವರಿಂದ ಆಮೇಲೆ ಯಾರೂ ಪುಸ್ತಕ ತೆಗೆದುಕೊಳ್ಳುತ್ತಿರಲಿಲ್ಲ. ಕೊಡದವರಿಗೆ ಯಾರೂ ಕೊಡುತ್ತಲೂ ಇರಲಿಲ್ಲ.

ತುಂಗಮ್ಮನ ಬಳಿ ಕಲ್ಲಾನೆ ಮಾಲೆಯ ಒಂಬತ್ತು ಸಂಪುಟಗಳಿದ್ದವು. ಎಂದೋ ಹೊರಗಿನಿಂದ ಬಂದ ಪುಸ್ತಕದ ವ್ಯಾಪಾರಿಯೊಬ್ಬ, ಒಂದು ಮಧ್ಯಾಹ್ನ ಅವರ ಯಂತ್ರದ ಬೆಲ್ಟು ಹರಿದು ಕೆಲಸ ನಿಂತಾಗ, ಅವರ ಮುಖ ನೋಡಿ ಕೊಟ್ಟದ್ದಂತೆ. ಊರಲ್ಲಿ ಇದ್ದದ್ದು ಅದೊಂದೇ ಕಂತೆ. ನಾನು ಹದಿನಾರರವಳಿದ್ದಾಗ ಮೊದಲ ಸಂಪುಟವನ್ನು ಸೆರಗಿನಿಂದ ಒರೆಸಿ ನನ್ನ ಕೈಗಿಟ್ಟರು. "ಮಂದಾಕಿನಿ, ಇದು ನಿನಗೆ. ಯಾಕಂದ್ರೆ ಯಂತ್ರ ನಿಂತ ಮೇಲೂ ನೀನು ಕಿವಿ ಕೊಟ್ಟು ಕೂತಿರ್ತೀಯ." ಆಮೇಲೆ ಎಚ್ಚರಿಕೆಗಳು ಶುರುವಾದವು. "ಮೊದಲ ನೂರು ಪುಟ ಕಾಲೆಳಕೊಂಡು ಹೋಗುತ್ತೆ, ಸಹಿಸ್ಕೋ. ಬರೀ ಹೊಳೆ, ಕೋಟೆ, ರಾಜನ ವಂಶ. ಹೆಸರೆಲ್ಲ ಒಂದು ಚೀಟೀಲಿ ಬರ್ಕೋ, ಇಲ್ಲಾಂದ್ರೆ ಯಾರು ಯಾರ ಚಿಕ್ಕಪ್ಪ ಅಂತ ತಲೆ ಕೆಡುತ್ತೆ. ಮೂರನೇದು ಬೇಜಾರು, ಹಾಗಂತ ಹಾರಿಸಬೇಡ. ಮೂರನೇದ್ರಲ್ಲಿ ಸುಮ್ಮನೆ ಕೂತಿರೋಳು ಆರನೇದ್ರಲ್ಲಿ ಎದ್ದು ನಿಲ್ತಾಳೆ. ನಾಲ್ಕನೇದನ್ನ ಮಾತ್ರ ಒಲೆ ಮೇಲೆ ಹಾಲಿಟ್ಟು ಓದಬೇಡ."

ನಾಲ್ಕನೆಯದಕ್ಕೆ ನಮ್ಮ ಮನೆಯಲ್ಲಿ ಎರಡು ಸಲ ಹಾಲು ಉಕ್ಕಿತು.

ಒಂಬತ್ತು ಕೋಟೆಗಳ ಬಾಗಿಲಲ್ಲಿ ಒಂಬತ್ತು ಕಲ್ಲಾನೆಗಳು. ದೋಣಿ ನಡೆಸುವ ನಾಗಲೆ ಎಂಬ ಅಕ್ಕ, ಕಲ್ಲಿನೊಳಗಿನ ಎದೆಬಡಿತ ಕೇಳಬಲ್ಲ ಮಿಂಚಿ ಎಂಬ ತಂಗಿ. ಒಂದೊಂದು ಸಂಪುಟದಲ್ಲಿ ಒಂದೊಂದು ಆನೆಯನ್ನು ಅವರು ಎಬ್ಬಿಸಬೇಕು, ಹಿಂದೆ ಸೈನ್ಯ ಬೆನ್ನಟ್ಟಿರುತ್ತದೆ. ನಾನು ಮುಗಿಸಿದ್ದನ್ನು ಅಂಬುವಿಗೆ ಕೊಡುತ್ತಿದ್ದೆ. ಕೊಟ್ಟ ಮೇಲೆ ಪುಸ್ತಕ ಪಡೆದವರದು, ಮುಂದೆ ಯಾರಿಗೆ ಎಂಬುದು ಅವರ ಚಿಂತೆ. ಪ್ರತಿ ಸಂಪುಟಕ್ಕೂ ಹೊಸ ಕಾರಣ ಬೇಕು, ಅದು ನನಗೆ ಕಷ್ಟವೇ ಅನ್ನಿಸುತ್ತಿರಲಿಲ್ಲ. "ಇದು ನಿನಗೆ, ಯಾಕಂದ್ರೆ ಇದರಲ್ಲಿ ಒಬ್ಬಳು ಸೇನಾಪತಿಗೆ ನಿನ್ನ ಥರಾನೇ ಎದುರುತ್ತರ ಕೊಡ್ತಾಳೆ." "ಇದು ನಿನಗೆ, ಯಾಕಂದ್ರೆ ಐದನೇ ಆನೆಗೆ ನಿನ್ನಷ್ಟೇ ಕೊಬ್ಬು." ಅಂಬು ಪುಸ್ತಕ ಬಿಡಿಸಿ, ಅಕ್ಷರ ಮೂಡುವುದನ್ನು ಹುಬ್ಬೇರಿಸಿ ನೋಡಿ, "ಬಂತು ಬಂತು, ನಿಜ ಹೇಳಿದೀಯ, ಮುಂಡೇದೆ" ಎಂದು ನನ್ನ ಬೆನ್ನಿಗೆ ಗುದ್ದುತ್ತಿದ್ದಳು. ಮೊದಲ ಸಂಪುಟದ ಒಳರಟ್ಟಿನ ಮೇಲೆ ಮೂರು ಹೆಸರು ಮಸಿಯಲ್ಲಿ ಬರೆದೆವು. ತುಂಗಮ್ಮ, ಮಂದಾಕಿನಿ, ಅಂಬುಜಾಕ್ಷಿ.

ಎಂಟನೆಯದು ಮುಗಿಯುವುದು ಹೀಗೆ: ಮಂಜು ಕವಿದ ನಸುಕಿನಲ್ಲಿ ಮಿಂಚಿ ಕೊನೆಯ ಕೋಟೆ ತಲುಪುತ್ತಾಳೆ. ಬಾಗಿಲಲ್ಲಿನ ಕಲ್ಲಿಗೆ ಕಿವಿ ಇಡುತ್ತಾಳೆ. ಏನೂ ಕೇಳುವುದಿಲ್ಲ.

ಅಂಬು ಅದನ್ನು ಓದಿ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. "ಆನೆ ಸತ್ತಿದೆಯೇನೇ? ಇಲ್ಲ ಇವಳ ಕಿವಿ ಹೋಯ್ತಾ? ಒಂದು ಮಾತು ಹೇಳು, ಒಂದೇ ಮಾತು." ಆಗ ನಾನು ಒಂಬತ್ತನೆಯದರ ನಡುವಿನಲ್ಲಿದ್ದೆ. ಹೇಳಲಿಲ್ಲ. ಅದೇ ತಿಂಗಳು ಅವಳು ಗುಡ್ಡದಾಚೆಯ ಊರಿಗೆ ಹೋಗಿ ಶಿಕ್ಷಕಿಯರ ತರಬೇತಿಗೆ ಪ್ರವೇಶ ಪರೀಕ್ಷೆ ಬರೆದು ಬಂದಿದ್ದಳು. ಸೀಟು ಸಿಕ್ಕರೆ ಎರಡು ವರ್ಷ ಅಲ್ಲಿ, ಆಮೇಲೆ ಯಾವ ಊರೋ. "ಒಂಬತ್ತು ಮುಗಿಸಿಯೇ ನಾನು ಬಸ್ಸು ಹತ್ತೋದು. ಆನೇನ ಅಲ್ಲಿ ನಿಲ್ಲಿಸಿ ಹೋದ್ರೆ ಹಾಸ್ಟೆಲಲ್ಲಿ ನಿದ್ದೆ ಬರಲ್ಲ," ಎಂದು ನಗುತ್ತಿದ್ದಳು.

ಒಂಬತ್ತನೆಯ ಸಂಪುಟದ ಕೊನೆಯ ಪುಟಗಳಲ್ಲಿ ನಾಗಲೆ ತಂಗಿಯನ್ನು ಆಚೆ ದಡಕ್ಕೆ ಬಿಡುತ್ತಾಳೆ. ಹೋಗಬೇಡ ಅನ್ನುವುದಿಲ್ಲ. ಖಾಲಿ ದೋಣಿಯನ್ನು ತಾನೊಬ್ಬಳೇ ಹುಟ್ಟು ಹಾಕಿಕೊಂಡು ಹಿಂದಿರುಗುತ್ತಾಳೆ. ಅದನ್ನು ಓದಿದ ದಿನ ನಾನು ಹಿತ್ತಿಲಲ್ಲಿ ಒಣಹಾಕಿದ ಸೀರೆಗಳ ನಡುವೆ ನಿಂತು ಅತ್ತೆ. ನನಗೆ ನಾಗಲೆಯಾಗುವುದು ಬೇಕಿರಲಿಲ್ಲ. ಅಂಬು ಅದನ್ನು ಓದಿದರೆ ಆಯಿತು, ಬಸ್ಸು ಹತ್ತಿದಳೆಂದೇ ಲೆಕ್ಕ. ಹದಿನೇಳರ ತಲೆಗೆ ಅದು ಅಷ್ಟು ಸರಳವಾಗಿ ಕಂಡಿತ್ತು.

ಆದರೂ ಕೊಡದಿರುವ ಧೈರ್ಯವೂ ಇರಲಿಲ್ಲ. ಶನಿವಾರ ಗಿರಣಿಯಲ್ಲಿ ಏಳೆಂಟು ಹೆಂಗಸರು ಕೂತಿದ್ದರು, ತುಂಗಮ್ಮ ಯಂತ್ರ ನಿಲ್ಲಿಸಿ ಜಾಲರಿ ಬದಲಿಸುತ್ತಿದ್ದರು. ಅಂಬು ಎರಡೂ ಕೈ ಚಾಚಿದಳು. ನಾನು ಒಂಬತ್ತನೆಯದನ್ನು ಕೊಟ್ಟು, ಬಾಯಿಗೆ ಬಂದದ್ದು ಹೇಳಿದೆ. "ಇದು ನಿನಗೆ. ಯಾಕಂದ್ರೆ... ನಿನಗೆ ಕೊನೆಗಳು ಇಷ್ಟ."

ಅವಳು ತೆರೆದಳು. ಒಂದು ಪುಟ ನೋಡಿದಳು, ಇನ್ನೊಂದು ತಿರುಗಿಸಿದಳು. "ಬಂತೇನೇ?" ಎಂದರು ತುಂಗಮ್ಮ. "ಹೂಂ, ಬಂತು," ಎಂದಳು ಅಂಬು. ನನ್ನ ಬೆನ್ನಿಗೆ ಗುದ್ದಲಿಲ್ಲ. ಪುಸ್ತಕ ಹಿಡಿದು ಗೋಣಿಚೀಲದ ಮೇಲೆ ಕೂತು ನಿಧಾನವಾಗಿ ಪುಟ ತಿರುಗಿಸುತ್ತಾ ಹೋದಳು. ನಾನು ಎರಡೂ ಡಬ್ಬ ತಳ್ಳಿದೆ. ಹತ್ತು ಪುಟಕ್ಕೆ ಎದ್ದಳು, ಸರಿಯಾಗಿ ಹತ್ತಕ್ಕೇ.

ಹದಿನೈದು ದಿನದ ಮೇಲೆ ಪುಸ್ತಕ ತಂದು ನಮ್ಮ ಕಟ್ಟೆಯ ಮೇಲಿಟ್ಟಳು. "ಚೆನ್ನಾಗಿತ್ತು. ಇದು ನಿನ್ನ ಹತ್ರಾನೇ ಇರಲಿ, ಇನ್ನೂ ಯಾರೂ ಎಂಟರವರೆಗೆ ಬಂದಿಲ್ಲವಲ್ಲ." ಪಡೆದವರೇ ಕೊಟ್ಟವರಿಗೆ ನೇರವಾಗಿ ಹಿಂದಿರುಗಿಸಿದ್ದು ನಮ್ಮೂರಲ್ಲಿ ನಾನು ಕಂಡದ್ದು ಅದೊಂದೇ ಸಲ. ನನ್ನ ಸುಳ್ಳು ನನಗೆ ಗೊತ್ತಿತ್ತು. ಆದರೆ ಅಕ್ಷರ ಮೂಡಿತು ಎಂದು ಅವಳೇ ಹೇಳಿದಳಲ್ಲ! ಹಾಗಾದರೆ ನನ್ನ ಮನಸ್ಸು ನಾನಂದುಕೊಂಡಷ್ಟು ಕೆಟ್ಟದ್ದಲ್ಲ ಎಂದು ಸಮಾಧಾನ ಮಾಡಿಕೊಂಡೆ. ಮುಂದಿನ ಶನಿವಾರದಿಂದ ಅವಳು ಗಿರಣಿಗೆ ಬೆಳಿಗ್ಗೆಯೇ ಹೋಗತೊಡಗಿದಳು. ತರಬೇತಿಗೂ ಹೋಗಲಿಲ್ಲ, ಅದೂ ನನ್ನಿಂದಲೇ ಇರಬಹುದೆಂಬ ಅಳುಕು ನನ್ನಲ್ಲಿ ಉಳಿಯಿತು. ಯಾಕೆಂದು ಕೇಳುವಷ್ಟು ಸಲಿಗೆ ಆಗ ಉಳಿದಿರಲಿಲ್ಲ. ಎರಡು ವರ್ಷ ಕಳೆದು, ಮದುವೆಯಾಗಿ ಹಿಂದಿನ ಬೀದಿಯ ಎಣ್ಣೆ ಅಂಗಡಿಯವರ ಮನೆ ಸೇರಿದಳು. ನಾನು ಅಂಚೆ ಕಚೇರಿ ಸೇರಿದೆ. ತುಂಗಮ್ಮ ಹೋದರು. ಗಿರಣಿಯನ್ನು ಅವರ ಸೊಸೆ ನಾಗರತ್ನ ನಡೆಸತೊಡಗಿದಳು. ದಾರಿಯಲ್ಲಿ ಸಿಕ್ಕರೆ ನಾನೂ ಅಂಬುವೂ "ಊಟ ಆಯ್ತಾ?" ಎಂದು ಕೇಳಿಕೊಳ್ಳುತ್ತಿದ್ದೆವು. ಮೂವತ್ತೊಂದು ವರ್ಷ ನಾವು ಒಬ್ಬರನ್ನೊಬ್ಬರು ಕೇಳಿದ್ದು ಊಟದ ವಿಷಯವಷ್ಟೇ.

ಕಲ್ಲಾನೆಗಳು ಮಾತ್ರ ಊರಲ್ಲಿ ನಡೆಯುತ್ತಲೇ ಇದ್ದವು. ಎಂಟು ಸಂಪುಟ ಅಂಬುವಿನ ಬಳಿ ಇದ್ದವಲ್ಲ, ಅವಳು ಒಬ್ಬೊಬ್ಬರಿಗೆ ಕೊಡುತ್ತಾ ಬಂದಳು. ಅವರು ಇನ್ನೊಬ್ಬರಿಗೆ ಕೊಟ್ಟರು, ಸುತ್ತಿಬಂದು ಮತ್ತೆ ಅವಳಲ್ಲಿಗೇ ತಲುಪುತ್ತಿದ್ದವು. ಗಿರಣಿಯಲ್ಲಿ ಕೂತವರು "ಆನೆ ಸತ್ತಿದೆ" ಎಂಬ ಪಕ್ಷ, "ಮಲಗಿದೆ" ಎಂಬ ಪಕ್ಷ ಎಂದು ಒಡೆದುಹೋಗಿದ್ದರು. ಅವತ್ತು ಗಿರಣಿಯಲ್ಲಿದ್ದವರಿಗೆ ಅದು ಎಷ್ಟನೆಯದು ಎಂಬ ಲೆಕ್ಕವಿರಲಿಲ್ಲ, ಎಂಟೇ ಸಂಪುಟ ಎಂದು ಊರು ನಂಬಿತ್ತು. ಕಥೆ ಹಾಗೇ ತೂಗಾಡುತ್ತಾ ಮುಗಿಯುತ್ತದೆ, ಅದೇ ಅದರ ಸೊಗಸು ಅನ್ನುವವರೂ ಇದ್ದರು. ನಾನು ರಾಗಿ ಬೀಸಿಸಿಕೊಂಡು ಬರುತ್ತಿದ್ದೆ. ಒಂಬತ್ತನೆಯದನ್ನು ಓದಿದ ಅಂಬುವೇ ಸುಮ್ಮನಿರುವಾಗ ನಾನ್ಯಾಕೆ ಬಾಯಿ ಬಿಡಲಿ ಎಂದು ಹಟ. ಜೊತೆಗೆ ಒಂದು ನೋವು: ನನ್ನ ಕೈಯಿಂದ ಹೋದ ಪುಸ್ತಕವನ್ನು ಇನ್ನೊಬ್ಬರಿಗೆ ಹೆಸರಿಸಲೂ ಅವಳಿಗೆ ಇಷ್ಟವಿಲ್ಲವೇ?

ಹೋದ ತಿಂಗಳು ಒಂದು ಮಧ್ಯಾಹ್ನ ಅಂಚೆ ಕಚೇರಿಯ ಕಿಟಕಿಗೆ ಸುಗಂಧಿ ಬಂದಳು. ಅಂಬುವಿನ ಮನೆಯೆದುರು ರವಿಕೆ ಹೊಲಿಯುವ ಹುಡುಗಿ, ಮದುವೆಯಾಗಿ ಬಂದು ವರ್ಷವಾಗಿಲ್ಲ. ಕತ್ತಿನಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. ಕಂಕುಳಲ್ಲಿ ಎಂಟನೆಯ ಸಂಪುಟ.

"ಅಕ್ಕ, ಕವರು ಗಿವರು ಏನೂ ಬೇಡ. ಒಂಬತ್ತನೇದು ನಿಮ್ಮ ಹತ್ರ ಇದೆಯಾ?"

ನನ್ನ ಕೈಯಲ್ಲಿದ್ದ ಮೊಹರು ಅಲ್ಲೇ ನಿಂತಿತು. "ಒಂಬತ್ತನೇದು ಅಂತ ಯಾರು ಹೇಳಿದ್ರು?"

ಅವಳು ಪುಸ್ತಕದ ಕೊನೆಯ ಪುಟ ತೆರೆದು ತೋರಿಸಿದಳು. ನನ್ನ ಕಣ್ಣು ಹೋದದ್ದು ಕೆಳತುದಿಯಲ್ಲಿದ್ದ ಮೈದಾ ಅಂಟಿನ ಕಂದು ಕಲೆಗೆ. "ಇಲ್ಲಿ ಚೀಟಿ ಅಂಟಿಸಿದ್ರು. ಎಲ್ಲ ಹರಿದದ್ದಕ್ಕೆ ಅಂಟಿಸಿದ್ದು ಅಂದ್ಕೊಂಡಿದ್ದಾರೆ. ನಾನು ಹೊಲಿಗೆಯೋಳು, ತೇಪೆ ನೋಡಿದ್ರೆ ಗೊತ್ತಾಗುತ್ತೆ ಹರಿದದ್ದೋ ಮುಚ್ಚಿದ್ದೋ ಅಂತ. ಒದ್ದೆ ಬಟ್ಟೆ ಇಟ್ಟು ಇಸ್ತ್ರಿ ಒತ್ತಿ ಎಬ್ಬಿಸಿದೆ. 'ಒಂಬತ್ತನೆಯ ಸಂಪುಟದಲ್ಲಿ ಮುಂದುವರಿಯುವುದು' ಅಂತಿದೆ! ಮೊದಲನೇದರ ಒಳರಟ್ಟಲ್ಲಿ ನಿಮ್ಮ ಹೆಸರಿತ್ತಲ್ಲ, ಅದಕ್ಕೇ ಬಂದೆ."

"ಅಂಬುಜಾಕ್ಷಿ ಹತ್ರಾನೇ ಕೇಳು. ಅವಳು ಓದಿದಾಳೆ."

"ಕೇಳಿದೆ ಅಕ್ಕ. ಮೊದಲು ಎಂಟೇ ಅಂದ್ರು. ಇದನ್ನ ತೋರಿಸಿದ್ದಕ್ಕೆ ಪುಸ್ತಕ ಮುಚ್ಚಿಟ್ರು. ಆಮೇಲೆ, 'ನಾನು ಓದಿಲ್ಲಮ್ಮ. ಅದು ನನಗೆ ಕಾಣಲಿಲ್ಲ. ಯಾರಿಗೂ ಹೇಳಬೇಡ' ಅಂದ್ರು." ಸುಗಂಧಿ ಬಾಯಿಗೆ ಕೈಯಿಟ್ಟುಕೊಂಡಳು. "ಅಯ್ಯೋ, ಈಗ ನಿಮಗೇ ಹೇಳಿಬಿಟ್ಟೆ."

ಅವಳ ಹಿಂದೆ ಮನಿಯಾರ್ಡರಿಗೆ ನಿಂತ ಮುದುಕ ಕೆಮ್ಮಿದ. ನನಗೆ ಯಾವ ಫಾರಂ ಎಲ್ಲಿದೆ ಎಂಬುದೇ ಮರೆತಿತ್ತು. ಹದಿನೈದು ದಿನ! ಏಳೆಂಟು ಹೆಂಗಸರ ಎದುರು ಬಿಳಿ ಹಾಳೆಯ ಮೇಲೆ ಕಣ್ಣಾಡಿಸುತ್ತಾ, ಸರಿಯಾಗಿ ಹತ್ತು ಪುಟಕ್ಕೆ ಎದ್ದವಳು. ಆಮೇಲೆ, ತಾನು ಓದದ ಒಂಬತ್ತನೆಯದನ್ನು ಯಾರೂ ಕೇಳದಿರಲಿ ಎಂದು ಅಂಟು ಕಲಸಿ ಚೀಟಿ ಹಚ್ಚಿದವಳು. ಕೇಳಿದ್ದರೆ ಊರಿಗೆ ತಿಳಿಯುತ್ತಿತ್ತು. ತಿಳಿದಿದ್ದರೆ ನಾನು ಬಿಳಿಗೈ.

"ಅಕ್ಕ, ನೀವು ನನಗೆ ಕೊಡ್ತೀರಾ?" ಎಂದಳು ಸುಗಂಧಿ. "ಊರಲ್ಲಿ ಅದನ್ನ ಓದಿದವರು ಇನ್ಯಾರಿದ್ದಾರೆ? ನೀವೊಬ್ಬರೇ. ನಿಮಗೆ ಏನಾದ್ರೂ ಆದ್ರೆ... ಅಂದ್ರೆ, ಹಾಗಲ್ಲ, ನೂರು ವರ್ಷ ಬದುಕಿ, ಆದ್ರೆ ಆನೆ ಹಾಗೇ ನಿಂತುಬಿಡುತ್ತಲ್ವಾ?"

"ಕೊಡ್ತೀನಿ," ಎಂದೆ. "ನಿನಗಿಂತ ಮುಂದೆ ಒಂದು ಡಬ್ಬ ಇದೆ."

ಶನಿವಾರ ಬೆಳಿಗ್ಗೆಯೇ ಗಿರಣಿಗೆ ಹೋದೆ. ಅಂಬು ಗೋಣಿಚೀಲದ ಮೇಲೆ ಮಂಡಿ ನೀವಿಕೊಳ್ಳುತ್ತಾ ಕೂತಿದ್ದಳು. ಸಾಲಿನಲ್ಲಿ ಅವಳ ರಾಗಿ ಡಬ್ಬ ನಾಲ್ಕನೆಯದು, ನನ್ನದನ್ನು ಅದರ ಹಿಂದಿಟ್ಟೆ. ಬಾಗಿಲ ಬಳಿ ಸುಗಂಧಿ, ಬರಿಗೈಯಲ್ಲಿ. ಬೀಸುವುದಕ್ಕೆ ಏನೂ ತರದೆ ಗಿರಣಿಗೆ ಬಂದವಳು ಆ ದಿನ ಅವಳೊಬ್ಬಳೇ. ನಾನು ಅಂಬುವಿನ ಪಕ್ಕ ಕೂತೆ. ಮಡಿಲಲ್ಲಿದ್ದ ಪುಸ್ತಕ ನೋಡಿ ಅವಳು ಬಾಗಿಲ ಕಡೆ ಕಣ್ಣು ಬಿಟ್ಟಳು. "ಬಾಯಿ ಹೊಲ್ಕೊಳ್ಳೋಕೆ ಬರಲ್ವೇನೇ ನಿನಗೆ? ಊರವರ ರವಿಕೆ ಎಲ್ಲಾ ಹೊಲೀತೀಯ." ಸುಗಂಧಿ ಕಂಬದ ಹಿಂದೆ ಸರಿದಳು.

"ಬಿಳಿ ಅಂತ ಅವತ್ತೇ ಯಾಕೆ ಹೇಳಲಿಲ್ಲ?" ಎಂದು ಕೇಳಿದೆ. ಯಂತ್ರದ ಸದ್ದಿನಲ್ಲಿ ಅರ್ಧ ಕೂಗಿಯೇ ಕೇಳಬೇಕಾಯಿತು.

"ಹೇಳಿದ್ರೆ ನಿನಗೆ ಆಮೇಲೆ ಯಾರು ಪುಸ್ತಕ ಕೊಡ್ತಿದ್ರು? ಅದಿಲ್ದೆ ನೀನು ಬದುಕ್ತಿದ್ಯಾ?" ಸೆರಗಿನಿಂದ ಮುಖದ ಹಿಟ್ಟು ಒರೆಸಿಕೊಂಡಳು. "ಹದಿನೈದು ದಿನ ಮನೆಯವರಿಗೆ ಕಾಣೋ ಹಾಗೆ ಬಿಳಿ ಹಾಳೆ ತಿರುಗಿಸಿದೀನಿ. ನಡುನಡುವೆ ನಗಬೇಕು ಬೇರೆ. ಅಮ್ಮ ಅಂತೂ 'ಅಷ್ಟು ಚೆನ್ನಾಗಿದೆಯೇನೇ' ಅಂತ ಕೇಳಿಬಿಟ್ಟಳು. ಆಮೇಲೆ ನಿನ್ನ ಮುಖ ನೋಡೋಕೆ ಆಗಲಿಲ್ಲ ಕಣೆ. ಕೋಪ ಅಲ್ಲ. ನನಗೆ ಕೊಡೋಕೆ ನಿನಗೆ ಒಂದೇ ಒಂದು ನಿಜವಾದ ಕಾರಣ ಸಿಗಲಿಲ್ವಲ್ಲಾ ಅಂತ."

"ಸಿಕ್ಕಿತ್ತು. ಕೊಡಬಾರದು ಅಂತಿತ್ತು." ಮೂವತ್ತೊಂದು ವರ್ಷದ ಮಾತು ಒಂದೇ ಉಸಿರಿಗೆ ಬಂತು. "ಅದನ್ನ ಓದಿದ್ರೆ ನೀನು ಹೊರಟುಹೋಗ್ತೀಯ ಅಂತ ಹೆದರಿದ್ದೆ. ನೀನು ತರಬೇತಿಗೆ ಹೋಗದೇ ಇದ್ದದ್ದು ನನ್ನಿಂದಲೇ ಅಂತ ಇವತ್ತಿನವರೆಗೂ..."

ಅಂಬು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನಂತರ ನಗತೊಡಗಿದಳು. ಮೊದಲು ಸದ್ದಿಲ್ಲದೆ, ಆಮೇಲೆ ಭುಜವೆಲ್ಲ ಕುಲುಕುವ ಹಾಗೆ. "ನಿನ್ನಿಂದ? ಅಷ್ಟು ದೊಡ್ಡೋಳಲ್ಲ ಕಣೆ ನೀನು! ಪ್ರವೇಶ ಪರೀಕ್ಷೇಲಿ ಗಣಿತಕ್ಕೆ ಫೇಲಾದೆ. ಹನ್ನೊಂದು ಅಂಕ. ಆ ಮೇಷ್ಟ್ರು ಕೊಟ್ಟ ಪುಸ್ತಕ ನನಗೆ ಕೊನೇವರೆಗೂ ಬಿಳೀನೇ ಇತ್ತಲ್ಲ."

ನಾಗರತ್ನ ಯಂತ್ರದ ಬಳಿಯಿಂದ, "ಏನ್ರಮ್ಮಾ ನಗು, ನಮಗೂ ಹೇಳ್ರಿ," ಎಂದು ಕೂಗಿದಳು. ನನಗೆ ನಗು ಬರಲಿಲ್ಲ, ಅಳುವೂ ಬರಲಿಲ್ಲ. ಇಷ್ಟು ವರ್ಷ ನಾನು ಹೊತ್ತ ಭಾರ ಒಬ್ಬ ಗಣಿತದ ಮೇಷ್ಟ್ರದಾಗಿತ್ತು. ಹಾಗಾದರೆ ನನ್ನದು ಎಂದು ಉಳಿದದ್ದು ಆ ಒಂದು ಸುಳ್ಳು ಮಾತ್ರ.

ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ಚಾಚಿದೆ. ಈ ಸಲವೂ ಬಿಳಿಯಾದರೆ ಇನ್ನು ಹೇಳಲು ಯಾವ ಕಾರಣವೂ ನನ್ನಲ್ಲಿ ಉಳಿಯುವುದಿಲ್ಲ. "ಇದು ನಿನಗೆ. ಯಾಕಂದ್ರೆ ಇದನ್ನ ಓದೋವಾಗ ಪ್ರತಿ ಪುಟಕ್ಕೂ ಎದ್ದು ನಿಮ್ಮನೆಗೆ ಓಡಿ ಬಂದು ಹೇಳಬೇಕು ಅನ್ನಿಸಿತ್ತು. ಆಮೇಲೆ ಯಾವ ಪುಸ್ತಕ ಓದಿದ್ರೂ ಹಾಗೇ ಅನ್ನಿಸಿದೆ. ಹೇಳೋಕೆ ಯಾರೂ ಇರಲಿಲ್ಲ."

ಅಂಬು ಕನ್ನಡಕ ಹುಡುಕಿ ಹಾಕಿಕೊಂಡಳು. ತೆರೆದಳು. ಹುಬ್ಬೇರಲಿಲ್ಲ. ಕಣ್ಣು ಎಡದಿಂದ ಬಲಕ್ಕೆ ಹೋಯಿತು, ಕೆಳಗಿಳಿಯಿತು, ಮತ್ತೆ ಎಡದಿಂದ ಬಲಕ್ಕೆ. ಪುಟ ತಿರುಗಿಸಿದಳು. ಆದರೆ ಅವಳಿಗೆ ಈ ವಿದ್ಯೆ ಗೊತ್ತಲ್ಲ! ಹದಿನೈದು ದಿನ ಹೀಗೆಯೇ ಕಣ್ಣಾಡಿಸಿದವಳು ಈಗಲೂ ನನ್ನ ಮಾನ ಕಾಯುತ್ತಿದ್ದರೆ? ಬಂತೇನೇ ಎಂದು ಕೇಳಿದರೆ ಹೂಂ ಅನ್ನುತ್ತಾಳೆ. ಅದನ್ನು ನಂಬುವುದು ಹೇಗೆ?

ಸಾಲು ಒಂದು ಹೆಜ್ಜೆ ಸರಿಯಿತು. ಯಾರೋ ಜೋಳದ ಹಿಟ್ಟು ಕೊಡವಿ ಡಬ್ಬದ ಮುಚ್ಚಳ ಬಡಿದರು.

"ಅಯ್ಯೋ ನಿನ್ನ!" ಅಂಬು ತೊಡೆ ತಟ್ಟಿಕೊಂಡಳು. "ಮಂಜಿನಲ್ಲಿ ಬಾಗಿಲ ಕಂಬಕ್ಕೆ ಕಿವಿ ಇಟ್ಟಿದ್ಲೇನೇ ಇವಳು? ಆನೆ ಪಕ್ಕದಲ್ಲಿ ನಿಂತು ನೋಡ್ತಾ ಇತ್ತಾ?"

ಆ ನಗುವನ್ನು ನಾನೊಬ್ಬಳೇ ಮೂವತ್ತೊಂದು ವರ್ಷ ಇಟ್ಟುಕೊಂಡಿದ್ದೆ. ತುಂಗಮ್ಮ ಹೋದ ಮೇಲೆ ಊರಲ್ಲಿ ಅದು ಗೊತ್ತಿದ್ದದ್ದು ನನಗೊಬ್ಬಳಿಗೇ.

"ಹೇಳಬೇಡಿ ಅಕ್ಕ!" ಕಂಬದ ಹಿಂದಿನಿಂದ ಸುಗಂಧಿ ಎರಡೂ ಕಿವಿ ಮುಚ್ಚಿಕೊಂಡು ಕಿರುಚಿದಳು. "ನಾನಿನ್ನೂ ಓದಬೇಕು, ಹೇಳಬೇಡಿ!"

"ನೀನು ನನ್ನ ಹಿಂದೆ ನಿಲ್ಲು," ಎಂದು ಅಂಬು ತಲೆಯೆತ್ತದೆ ಹೇಳಿದಳು. ಅವಳ ಗುದ್ದು ನನ್ನ ಬೆನ್ನಿಗೆ ಬಿತ್ತು. ಮೊದಲಿನಷ್ಟು ಜೋರಿರಲಿಲ್ಲ. ಹತ್ತು ಪುಟವಾಯಿತು, ಹನ್ನೆರಡಾಯಿತು. ಅವಳು ಏಳಲಿಲ್ಲ, ನಾನು ಎಣಿಸುವುದನ್ನು ಬಿಟ್ಟೆ. ಸಾಲು ಸರಿದಾಗಲೆಲ್ಲ ನನ್ನ ಡಬ್ಬದ ಜೊತೆಗೆ ಅವಳ ರಾಗಿ ಡಬ್ಬವನ್ನೂ ಕಾಲಿನಿಂದ ಮೆಲ್ಲಗೆ ಮುಂದೆ ತಳ್ಳುತ್ತಾ ಕೂತೆ.